ಎದುರುಹುರಿ

ಇಚು ಹುಲ್ಲು ಕೊಯ್ಯುವುದು ಇಬ್ಬನಿ ಆರಿದ ಮೇಲೆ.
ಕಲ್ಲಲ್ಲಿ ಜಜ್ಜಿ, ನೆನೆಹಾಕಿ,
ಅಂಗೈ ನಡುವೆ ಬಲಕ್ಕೆ ಹೊಸೆದರೆ ಒಂದು ಎಳೆ.
ಅಂಥವೆರಡನ್ನು ಎಡಕ್ಕೆ ಹೊಸೆದರೆ ಹುರಿ.
ಒಂದು ಬಿಚ್ಚಿಕೊಳ್ಳುವ ಹಟವೇ
ಇನ್ನೊಂದನ್ನು ಬಿಗಿಯುತ್ತದೆ ಅನ್ನುತ್ತಿದ್ದ ಅಪ್ಪ, ರಿಮಾಚಿ,
ಅಪುರಿಮಾಕ್ ನದಿಯ ಸೇತುವೆ ಕಾಯುವವನು.
ತುದಿ ಕಟ್ಟಿರಬೇಕು ಮಾತ್ರ, ಚುಂಪಿ. ತುದಿ.

ವರ್ಷಕ್ಕೊಮ್ಮೆ ಹಳೆಯದನ್ನು ಕಡಿದು ನೀರಿಗೆ ಬಿಡುತ್ತಿದ್ದೆವು.
ಅರ್ಧ ಆ ದಡದವರು, ಅರ್ಧ ನಾವು,
ಕೂಡುವುದು ನಡುವೆ, ಗಾಳಿಯಲ್ಲಿ.
ಆ ಕಡೆಯಿಂದ ನೇಯುತ್ತ ಬರುವವನು ಸೋದರಮಾವ ಪಾಲ್ಯಾ,
ದವಡೆಯಲ್ಲಿ ಕೋಕಾ ಎಲೆ, ಬಾಯ್ತುಂಬ ಬೈಗುಳ:
"ನಿಮ್ಮ ಅರ್ಧ ಸೊಟ್ಟ, ಭಾವ!"
ಆಮೇಲೆ ಮುಸುಕಿನ ಜೋಳದ ಕಳ್ಳು. ಮೂರು ದಿನ.

ಆ ವರ್ಷ ಬಡಗಣದಿಂದ ಓಟಗಾರನೊಬ್ಬ ಬಂದ.
ಮುಖ ಮರೆಸಿಕೊಂಡು ಸೇತುವೆ ದಾಟಿದ.
ಕೆನ್ನೆ, ಕತ್ತು, ಅಂಗೈ, ಎಲ್ಲೆಲ್ಲೂ ಹೆಸರಿಲ್ಲದ ಗುಳ್ಳೆ.
ದೊಡ್ಡ ದೊರೆ ತೀರಿಕೊಂಡನಂತೆ,
ಪಟ್ಟಕ್ಕೆಂದು ಹೆಸರಿಸಿದ ಮಗನೂ ಅದೇ ಗುಳ್ಳೆಯಲ್ಲಿ.
ಉಳಿದವರಲ್ಲಿ ಒಬ್ಬ ಕುಸ್ಕೊದಲ್ಲಿ, ಹಣೆಗೆ ಕೆಂಪು ಕುಚ್ಚು,
ಒಬ್ಬ ಕ್ವಿಟೊದಲ್ಲಿ, ಸುತ್ತ ಅಪ್ಪನ ಸೈನ್ಯ.
ತಾಯಂದಿರು ಬೇರೆ ಬೇರೆ.

ಅಜ್ಜಿ ಹೆಪ್ಪುಗಟ್ಟಿದ ಆಲೂಗಡ್ಡೆ ತುಳಿಯುತ್ತ ಅಂದಳು:
ಹೊಸ ದೊರೆಗೆ ಪಟ್ಟ ಸಿಕ್ಕೀತು, ಹೊಲ ಸಿಕ್ಕದು.
ಹೊಲವೆಲ್ಲ ಸತ್ತ ದೊರೆಗಳದು.
ಒಣಗಿ ಕೂತಿದ್ದಾರೆ ಅವರು, ನೊಣ ಓಡಿಸಲೂ ಆಳು.
ಬದುಕಿದ್ದವನು ಹಸಿದಿರುತ್ತಾನೆ.
ಹಸಿದ ದಾಯಾದಿ ಅಣ್ಣನೆನ್ನುತ್ತಾನೆಯೇ, ತಮ್ಮನೆನ್ನುತ್ತಾನೆಯೇ?

ಮೊದಲ ಅಪ್ಪಣೆ: ಕಡಿ.
ಮಳೆಗೆ ಮುಂಚೆ ಎರಡನೆಯದು: ನೇಯಿ, ನಮ್ಮ ದಂಡು ದಾಟಬೇಕು.
ಮೂರನೆಯದು: ಕಡಿ.
ಯಾರ ಅಪ್ಪಣೆ ಎಂದು ಅಪ್ಪ ಕೇಳುವುದನ್ನೇ ಬಿಟ್ಟ.
ಹೇಳಲು ಬಂದವರ ಕಿವಿಯಲ್ಲಿ
ಎರಡೂ ಕಡೆ ಒಂದೇ ಬಗೆಯ ಚಿನ್ನದ ಬಿಲ್ಲೆ.

ಪಾಲ್ಯಾನ ಕೈಗೆ ಕ್ವಿಟೊದವರು ಈಟಿ ಕೊಟ್ಟರು.
ನನ್ನ ಇಬ್ಬರು ಅಣ್ಣಂದಿರಿಗೆ ಕುಸ್ಕೊದವರು ಕವಣೆ.
ಅಪುರಿಮಾಕ್ ಅಂದರೆ ಮಾತಾಡುವ ಒಡೆಯ.
ಸೇತುವೆ ಇಲ್ಲದ ಆ ದಿನಗಳಲ್ಲಿ
ಅವನೊಬ್ಬನೇ ಮಾತಾಡಿದ.

ಗೆದ್ದವರು ಕ್ವಿಟೊದವರು.
ಸೋತವರ ಮನೆಗಳಲ್ಲಿ ಗಂಟುದಾರಗಳನ್ನೂ ಸುಟ್ಟರು,
ಸತ್ತವರ ಲೆಕ್ಕ ಹೇಳುವ ದಾರವೂ ಸತ್ತಿತು.
ಅಮ್ಮ ಬೆರಳಲ್ಲಿ ಎಣಿಸಿದಳು.
ದೊಡ್ಡ ಹಗ್ಗ ಎಳೆಯಲು ನೂರಿಪ್ಪತ್ತು ಕೈ ಬೇಕು,
ನಮ್ಮ ದಡದಲ್ಲಿ ನಲವತ್ತೊಂದಿತ್ತು.
ಆ ಒಂದು ಕೈ ವಾಮಾನ್ ತಾತನದು.

ಆಗ ಬಂದ ಸುದ್ದಿ:
ಬಿಸಿನೀರ ಬುಗ್ಗೆಯ ಊರಲ್ಲಿ
ಗೆದ್ದ ದೊರೆಯನ್ನು ಗಡ್ಡದವರು ಹಿಡಿದಿದ್ದಾರೆ, ಇನ್ನೂರು ಜನವೂ ಇಲ್ಲವಂತೆ.
ನಾವು ನಕ್ಕೆವು.
ಇದನ್ನು ಬಿಟ್ಟು ಹೇಳಿದರೆ ನನ್ನ ಕತೆ ಸುಳ್ಳು.
ಅಡಗಿಸಿಟ್ಟ ಕಳ್ಳಿನ ಗಡಿಗೆ ತೆಗೆದು ಕುಡಿದೆವು,
ನಮ್ಮ ಸೇಡಿಗೆ ಸಮುದ್ರವೇ ಆಳು ಕಳಿಸಿತೆಂದು.

ಅವರು ಬಂದ ಬೆಳಿಗ್ಗೆ ಆ ದಡದ ಬೆಟ್ಟದ ಮೇಲೆ ಧೂಳು.
ಪಾಲ್ಯಾ ಒಬ್ಬನೇ ಇಳಿದು ಬಂದ, ಕೈಯಲ್ಲಿ ಕೊಳ್ಳಿ.
ತನ್ನ ಅರ್ಧಕ್ಕೆ ತಾನೇ ಬೆಂಕಿ ಇಟ್ಟ,
ಈ ಕಡೆ ಬರಲಿಲ್ಲ.
ಎರಡೂ ಕೈ ಎತ್ತಿ ಏನೋ ಕೂಗಿದ.
ನದಿ ಮಾತಾಡುತ್ತಿತ್ತು.

"ನೋಡು, ಕ್ವಿಟೊದ ನಾಯಿ" ಅಂದ ಅಪ್ಪ.
ಹೆಗಲಿಗೆ ಹಗ್ಗ ಹಾಕಿಕೊಂಡು ಮೇಲ್ದಂಡೆಗೆ ನಡೆದ.
ಆ ತಿಂಗಳು ನೀರು ಇಳಿದಿತ್ತು.
ನೀರು ತೆಳ್ಳಗಿರುವ ಕಡೆ, ಬಂಡೆಯಿಂದ ಬಂಡೆಗೆ,
ಹಗ್ಗ ಬಿಗಿದು ದಾರಿ ತೋರಿಸಿದ.
ಕುದುರೆಗಳು ಎದೆಮಟ್ಟ ನೀರಲ್ಲಿ
ಮೂಗು ಮೇಲೆತ್ತಿಕೊಂಡು ದಾಟಿದವು.
ಕೊನೆಯವನು ದಡ ಹತ್ತಿ, ತನ್ನ ಬಟ್ಟೆ ಹಿಂಡಿ,
ಅಪ್ಪನ ಹಗ್ಗವನ್ನು ಸುತ್ತಿ ತಗೊಂಡು ಹೋದ.

ಈಗ ಅವರ ಹೇಸರಗತ್ತೆಗಳಿಗಾಗಿ ಮತ್ತೆ ನೇಯುತ್ತೇವೆ.
ಅಪ್ಪನಿಗೆ ಕಣ್ಣು ಕಾಣುವುದಿಲ್ಲ, ಬೆರಳು ಕಾಣುತ್ತದೆ.
ನಡುಗಾಳಿಯಲ್ಲಿ ಹುರಿ ಕೂಡುವ ಹೊತ್ತಿಗೆ
ಕೈ ನಿಲ್ಲಿಸಿ, ಕಿವಿ ಆ ದಡಕ್ಕೆ ತಿರುಗಿಸಿ ಕೇಳುತ್ತಾನೆ:
ಅವತ್ತು ಅವನು ಏನಂದ, ಚುಂಪಿ?

ನಿಮ್ಮ ಅರ್ಧ ಸೊಟ್ಟ ಅಂದ, ಅಪ್ಪಾ,
ಅಷ್ಟೇ ಅಂದ.